ತೈಜಿ ಮುಷ್ಟಿವಿದ್ಯೆಯ ಮನೆತನಗಳು

ಚೀನಾ ದೇಶದ ಮುಷ್ಟಿವಿದ್ಯೆಗಳಲ್ಲಿ ತೈಜಿಚ್ಯುವಾನ್ ಎಂಬುದು ಲೋಕಪ್ರಸಿದ್ಧವಾದುದು. ‘ತೈಜಿ’ ಎಂದರೆ ಯಿನ್ ಮತ್ತು ಯಾಂಗ್ ಎಂಬ ದ್ವಂದ್ವಕ್ಕೆ ಮೂಲವಾದ ಪರಮತತ್ತ್ವ. ‘ಚ್ಯುವಾನ್’ ಎಂದರೆ ಮುಷ್ಟಿ. ಇದರಲ್ಲಿ ಐದು ಮನೆತನಗಳ ಪದ್ಧತಿಗಳನ್ನು ಎಣಿಸುವುದು ವಾಡಿಕೆ. ಇವಕ್ಕೆಲ್ಲ ಮೂಲಪುರುಷನೊಬ್ಬನುಂಟೆ, ಇವು ಬೇರೆಬೇರೆಯಾದುದು ಹೇಗೆ ಎಂಬುದನ್ನು ದೊರೆತಿರುವ ಆಧಾರಗಳಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ವೂಡಾಂಗ್ ಪರ್ವತದ ತಾವೋ ಯೋಗಿಯಾದ ಚಾಂಗ್ ಸಾನ್‌ಫೆಂಗನೇ ಆದಿಗುರುವೆಂದು ಐತಿಹ್ಯವು ಹೇಳುತ್ತದೆ. ಆದರೆ ಈ ಯೋಗಿಗೂ ಮುಷ್ಟಿವಿದ್ಯೆಗೂ ಸಂಬಂಧವನ್ನು ಕಲ್ಪಿಸುವ ಹಳೆಯ ಬರಹವೆಂದರೆ ಹುವಾಂಗ್ ತ್ಸುಂಗ್‌ಶೀ ಎಂಬ ವಿದ್ವಾಂಸನು 1669ರಲ್ಲಿ ರಚಿಸಿದ ಒಂದು ಸಮಾಧಿಲೇಖ. ಅದು ಆಂತರಿಕವೆಂದು ಕರೆಯಲ್ಪಡುವ ಮುಷ್ಟಿಸಂಪ್ರದಾಯವನ್ನು ಹೊಗಳುತ್ತದೆಯೇ ಹೊರತು ತೈಜಿಯ ಹೆಸರನ್ನೆತ್ತುವುದಿಲ್ಲ. ಆದುದರಿಂದ ಐತಿಹ್ಯಕ್ಕೆ ಇದನ್ನು ಪ್ರಮಾಣವಾಗಿ ಹಿಡಿಯಲಾಗದು.

1930ರ ದಶಕದ ಆರಂಭದಲ್ಲಿ ತಾಂಗ್ ಹಾವ್ ಎಂಬ ಸಂಶೋಧಕನು ಹೆನಾನ್ ಪ್ರಾಂತದ ವೆನ್ ಜಿಲ್ಲೆಯಲ್ಲಿರುವ ಚೆನ್ ಮನೆತನದ ಗ್ರಾಮಕ್ಕೆ ಹೋಗಿ ಅವರ ವಂಶಾವಳಿಯನ್ನು ಪರೀಕ್ಷಿಸಿದನು. ಒಂಬತ್ತನೆಯ ತಲೆಮಾರಿನ ಚೆನ್ ವಾಂಗ್‌ಟಿಂಗನ ಹೆಸರಿನ ಬಳಿ, ಮನೆತನದ ಮುಷ್ಟಿವಿದ್ಯೆಯನ್ನೂ ಖಡ್ಗ ಈಟಿಗಳ ವರಸೆಗಳನ್ನೂ ಆರಂಭಿಸಿದವನು ಇವನೇ ಎಂಬರ್ಥದ ಟಿಪ್ಪಣಿಯೊಂದು ಅಲ್ಲಿ ದೊರೆಯಿತು. ವಾಂಗ್‌ಟಿಂಗನು ಮಿಂಗ್ ವಂಶವಳಿದು ಚಿಂಗ್ ವಂಶವು ತಲೆಯೆತ್ತಿದ 17ನೆಯ ಶತಮಾನದವನು. ಅಲ್ಲದೆ ಮಿಂಗ್ ದಂಡನಾಯಕ ಚೀ ಚೀಗುವಾಂಗನು (1528–1588) ತನ್ನ ಸೇನಾಗ್ರಂಥದಲ್ಲಿ ವಿವರಿಸಿದ 32 ಭಂಗಿಗಳಲ್ಲಿ ಬಹುಭಾಗವು ಚೆನ್ ಪದ್ಧತಿಯಲ್ಲಿ ಕಾಣುವುದನ್ನೂ ತಾಂಗ್ ಹಾವ್ ತೋರಿಸಿದನು. ಇದರಿಂದ ಈ ವಿದ್ಯೆಯ ಬೇರು ಯೋಗಿಯ ಗುಹೆಗಿಂತ ಸೈನಿಕರ ಗರಡಿಗೆ ಸಮೀಪವೆಂದು ಊಹಿಸಬಹುದಾಗಿದೆ. ಆದರೆ ಆ ಟಿಪ್ಪಣಿಯಲ್ಲಿಯೂ ‘ತೈಜಿ’ ಎಂಬ ಶಬ್ದವಿಲ್ಲವೆಂಬುದನ್ನು ಮರೆಯಲಾಗದು.

ಮನೆತನದೊಳಗಿದ್ದ ವಿದ್ಯೆಯನ್ನು ಹೊರಕ್ಕೆ ತಂದವನು ಯುಂಗ್‌ನ್ಯೆನ್ ಊರಿನ ಯಾಂಗ್ ಲೂಚಾನ್ (1799–1872). ಇವನು ಚೆನ್ ಚಾಂಗ್‌ಶಿಂಗನಲ್ಲಿ (1771–1853) ಕಲಿತು, ಬಳಿಕ ಬೀಜಿಂಗ್ ನಗರದಲ್ಲಿ ಗುರುವಾದನು. ಅವನ ಊರಿನವನೇ ಆದ ವೂ ಯೂಶಿಯಾಂಗನು (1812–1880) ಯಾಂಗನಲ್ಲಿಯೂ ಚಾವ್‌ಪಾವ್ ಗ್ರಾಮದ ಚೆನ್ ಚಿಂಗ್‌ಪಿಂಗನಲ್ಲಿಯೂ ಕಲಿತು ಬೇರೊಂದು ಪದ್ಧತಿಯನ್ನು ರೂಪಿಸಿದನು. ಲೂಚಾನನಿಗೂ ಅವನ ಮಗ ಪಾನ್‌ಹೋವನಿಗೂ ಶಿಷ್ಯನಾದ ಮಂಚು ಯೋಧ ಚ್ಯುವಾನ್ಯೂವಿನಿಂದ (1834–1902) ಮತ್ತೊಂದು ಪರಂಪರೆ ಹೊರಟಿತು. ಅವನ ಮಗ ಚ್ಯೆನ್‌ಚ್ಯುವಾನನು (1870–1942) ವೂ ಎಂಬ ಮನೆತನದ ಹೆಸರನ್ನು ತಾಳಿದನು. ಈ ಎರಡು ‘ವೂ’ಗಳು ನಮ್ಮ ಲಿಪಿಯಲ್ಲಿ ಒಂದೇ ಆಗಿ ಕಂಡರೂ ಚೀನೀ ಲಿಪಿಯಲ್ಲಿ ಬೇರೆಬೇರೆ ಅಕ್ಷರಗಳು. ಕೊನೆಯವನು ಸುನ್ ಲೂಟಾಂಗ್ (1860–1933). ಶಿಂಗ್‌ಯಿ, ಪಾಕ್ವಾ ಎಂಬ ಬೇರೆ ಮುಷ್ಟಿವಿದ್ಯೆಗಳಲ್ಲಿ ಮೊದಲೇ ಪಾರಂಗತನಾಗಿದ್ದ ಇವನು ವೂ ಯೂಶಿಯಾಂಗನ ಪರಂಪರೆಯ ಹಾವ್ ವೈಚೆನನಲ್ಲಿ (1849–1920) ತೈಜಿಯನ್ನು ಕಲಿತನು. ಹೀಗೆ ಇಲ್ಲಿ ಮನೆತನವೆಂದರೆ ರಕ್ತಸಂಬಂಧವಷ್ಟೇ ಅಲ್ಲ. ಹಿಂದುಸ್ತಾನೀ ಸಂಗೀತದ ಘರಾಣೆಗಳಂತೆ ಗುರುಶಿಷ್ಯ ಪರಂಪರೆಯೂ ಹೌದು.

ಈ ಚರಿತ್ರೆಯನ್ನು ಅರಿತರೆ ಭೇದಗಳು ಸುಲಭವಾಗಿ ತಿಳಿಯುತ್ತವೆ. ಚೆನ್ ಪದ್ಧತಿಯಲ್ಲಿ ಗೂಡಿನಿಂದ ರೇಷ್ಮೆಯೆಳೆಯನ್ನು ಬಿಚ್ಚುವಂತಹ ಸುರುಳಿ ಚಲನೆಯೂ, ಮಂದಗತಿಯ ನಡುವೆ ಥಟ್ಟನೆ ಸಿಡಿಯುವ ಬಲವೂ, ನೆಲವನ್ನು ಮೆಟ್ಟುವ ಹೆಜ್ಜೆಯೂ ಉಳಿದಿವೆ. ಯಾಂಗ್ ಪದ್ಧತಿಯು ಲೂಚಾನನ ಮೊಮ್ಮಗ ಚೆಂಗ್‌ಫೂವಿನ (1883–1936) ಕಾಲಕ್ಕೆ ವಿಶಾಲವೂ ಸಮಗತಿಯದೂ ಆಗಿ ನೆಲೆಗೊಂಡಿತು. ಚ್ಯುವಾನ್ಯೂವಿನ ಪರಂಪರೆಯಲ್ಲಿ ಚಲನೆಗಳು ಕಿರಿದಾಗಿ, ದೇಹವು ತುಸು ಮುಂದಕ್ಕೆ ಬಾಗುತ್ತದೆ. ವೂ ಯೂಶಿಯಾಂಗನ ಪದ್ಧತಿಯಲ್ಲಿ ಮೈ ನೆಟ್ಟಗಿದ್ದು, ಒಂದೊಂದು ಕೈಯೂ ದೇಹದ ತನ್ನ ಪಾರ್ಶ್ವವನ್ನು ಮಾತ್ರ ಕಾಯುತ್ತದೆ. ಸುನ್ ಪದ್ಧತಿಯಲ್ಲಿ ಒಂದು ಕಾಲು ಸರಿದರೆ ಮತ್ತೊಂದು ಹಿಂಬಾಲಿಸುತ್ತದೆ. ಇದರಲ್ಲಿ ಅವನ ಪೂರ್ವವಿದ್ಯೆಯ ಮುದ್ರೆಯನ್ನು ಕಾಣಬಹುದು. 1912ರಲ್ಲಿ ಬೀಜಿಂಗಿನಲ್ಲಿ ವ್ಯಾಯಾಮ ಸಂಶೋಧನ ಸಂಸ್ಥೆ ಸ್ಥಾಪಿತವಾಗಿ, ಚೆಂಗ್‌ಫೂ, ಚ್ಯೆನ್‌ಚ್ಯುವಾನ್ ಮೊದಲಾದವರು ಅಲ್ಲಿ ಬೋಧಕರಾದ ಮೇಲೆ ಈ ವಿದ್ಯೆ ಸಾರ್ವಜನಿಕ ವ್ಯಾಯಾಮದ ಸ್ವರೂಪವನ್ನೂ ಪಡೆಯಿತು.

ಆದುದರಿಂದ ಈ ಭೇದಗಳನ್ನು ಒಂದು ಶುದ್ಧಮೂಲದ ಅಪಭ್ರಂಶಗಳೆಂದು ಎಣಿಸುವುದು ಸರಿಯಲ್ಲ. ಒಬ್ಬೊಬ್ಬ ಗುರುವಿನ ಪೂರ್ವಶಿಕ್ಷಣವೂ ಶಿಷ್ಯವರ್ಗವೂ ಕಾಲವೂ ಸೇರಿ ಅವನ್ನು ರೂಪಿಸಿದುವು. ಎಲ್ಲವನ್ನೂ ಆದಿಯೋಗಿಗೆ ಸಲ್ಲಿಸಿದರೆ ನಿಜವಾಗಿ ದುಡಿದವರ ಕೀರ್ತಿಯನ್ನು ಕಸಿದಂತಾಗುವುದು. ವೂ ಯೂಶಿಯಾಂಗನ ಸೋದರಳಿಯ ಲಿ ಯೀಯೂ ಎಂಬವನು 1881ರಲ್ಲಿ ಬರೆದ ಕಿರುಪೀಠಿಕೆಯಲ್ಲಿ, ಈ ವಿದ್ಯೆಯು ಯಾರಿಂದ ಆರಂಭವಾಯಿತೆಂಬುದು ತಿಳಿಯದೆಂದು ಒಪ್ಪಿಕೊಂಡಿದ್ದಾನೆ. ಪರಂಪರೆಗೆ ಅಷ್ಟು ಸಮೀಪದಲ್ಲಿದ್ದವನೇ ಹೇಳಲೊಲ್ಲದುದನ್ನು ದೂರದಲ್ಲಿರುವ ನಾವು ನಿಶ್ಚಯಿಸಿ ನುಡಿಯುವುದು ಉಚಿತವಲ್ಲ. ಮೂಲಕರ್ತೃವಿನ ವಿಷಯದಲ್ಲಿ ಅವನು ತೋರಿದ ಸಂಯಮವು ಗ್ರಂಥಕರ್ತೃಗಳ ಕಾಲದೇಶಗಳನ್ನು ವಿಚಾರಿಸುವ ನಮಗೂ ಅನುಕರಣೀಯವಾದುದು.