ಮುಳುಗಿದ ಮನಿಗೆ ಹನ್ನೆರಡು ಖೋಲಿ

ಮೊನ್ನೆ ಊಟಕ್ಕ ಎಲ್ಲಾರೂ ಕೂಡಿದಾಗ ನಮ್ಮಣ್ಣನ ಮಗ ಕೇಳಿದ, "ಅತ್ಯಾ, ಹಳೇ ಬಾಗಲಕೋಟ್ಯಾಗ ನಮ್ಮ ಮನಿಗೆ ಹನ್ನೆರಡು ಖೋಲಿ ಇದ್ವಂತ, ಹೌದೇನು?" ನಂಗ ನಗು ಬಂತು. ಇದ್ದದ್ದು ನಾಲ್ಕು. ಆಲಮಟ್ಟಿ ಹಿನ್ನೀರಿಗೆ ಮನಿ ಹೋದ ಮ್ಯಾಲೆ ಖೋಲಿ ಒಂದೊಂದ ಬೆಳಕೋತ ಬಂದಾವ. ಎಣಸೋಣಂದ್ರ ಮನೀನ ಇಲ್ಲಲ್ಲ!

ಆಗ ನೆನಪಾತು. ಕನ್ಯಾಕುಮಾರಿ ಕೆಳಗ 'ಕುಮರಿ ಕಂಡಂ' ಅಂತ ದೊಡ್ಡ ಖಂಡ ಮುಳುಗ್ಯದ ಅನ್ನೋ ಸುದ್ದಿ ನಾನ ನಮ್ಮ ಗ್ರೂಪಿಗೆ ಕಳಿಸಿದ್ದೆ, ಪೂರಾ ಓದದನ. ಈಗ ಓದೀನಿ, ಕೇಳ್ರಿ.

ಈ ಕಥಿಗೆ ಎರಡು ಬೇರು ಅವ. ಒಂದು ತಮಿಳರದು. ಸುಮಾರು 8ನೇ ಶತಮಾನದ ಒಂದು ವ್ಯಾಖ್ಯಾನದಾಗ, ಮೊದಲಿನ ಎರಡು ಸಂಘಂ ನಡದ ಪಟ್ಟಣಗಳನ್ನ ಸಮುದ್ರ ನುಂಗಿತು ಅಂತ ಬರದಾರ. ಅಲ್ಲೆ ಖಂಡದ ಮಾತಿಲ್ಲ. ಇನ್ನೊಂದು ಬೇರು ಇಂಗ್ಲೆಂಡಿಂದು. ಮಡಗಾಸ್ಕರದಾಗ ಲೆಮೂರ್ ಅನ್ನೋ ಪ್ರಾಣಿ ಅದ, ಅದರ ಬಳಗದ ಕಾಡುಪಾಪ ನಮ್ಮಲ್ಲದ. ನಡುವ ಇಷ್ಟು ದೊಡ್ಡ ಸಮುದ್ರ ಇದ್ದಾಗ ಇವು ಹೆಂಗ ದಾಟಿದ್ವು? ಮುಳುಗಿದ ನೆಲ ಇರಬೇಕಂತ 1864ರಾಗ ಪ್ರಾಣಿಶಾಸ್ತ್ರಜ್ಞ ಫಿಲಿಪ್ ಸ್ಕ್ಲೇಟರ್ ಊಹೆ ಮಾಡಿ, ಅದಕ್ಕ 'ಲೆಮೂರಿಯಾ' ಅಂತ ಹೆಸರಿಟ್ಟ. ಮುಂದ ಥಿಯೊಸಫಿಯವರು ಅದರಾಗ ಮನುಷ್ಯಾರನ್ನೂ ಕೂಡಿಸಿದ್ರು. 20ನೇ ಶತಮಾನದಾಗ ತಮಿಳು ಅಭಿಮಾನಿಗಳು ಎರಡೂ ಬೇರು ಗಂಟು ಹಾಕಿದ್ರು.

ಆದ್ರ 1912ರಾಗ ವೆಗೆನರ್, ಖಂಡಗಳೇ ಸರೀತಾವ ಅಂದ. 1960ರ ದಶಕದಾಗ ವಿಜ್ಞಾನಿಗಳು ಅದನ್ನ ಒಪ್ಪಿದ್ರು. ಭಾರತ ಮಡಗಾಸ್ಕರದಿಂದ ಅಗಲಿ ಸುಮಾರು 8.8 ಕೋಟಿ ವರ್ಷ ಆತು. ಆಗ ಮನುಷ್ಯಾರು ಎಲ್ಲಿದ್ರು?

ಹಂಗಂತ ಹಳೇ ಮಂದಿ ಮಾತು ಪೂರಾ ಸುಳ್ಳಲ್ಲ. ಹಿಮಯುಗ ಮುಗದ ಮ್ಯಾಲೆ ಸಮುದ್ರ ಸುಮಾರು 120 ಮೀಟರ್ ಏರ್ಯದ. ಒಂದು ಕಾಲಕ್ಕ ರಾಮೇಶ್ವರದಿಂದ ಲಂಕಾಕ್ಕ ಒಣ ನೆಲ ಇತ್ತು. ಚೋಳರ ಬಂದರ ಪೂಂಪುಹಾರ್ ದಂಡಿಯನ್ನೂ ಸಮುದ್ರ ಕೊರದದ. ಊರು ಕಳಕೊಂಡವರ ಸಂಕಟ ಖರೇನ. ಬೆಳದದ್ದು ಅಳತಿ ಅಷ್ಟ.

ಹುಡುಗನ್ನ ಕೂಡಿಸ್ಕೊಂಡು ನೆಲದ ಮ್ಯಾಲೆ ರಂಗೋಲಿಲೆ ನಾಲ್ಕು ಖೋಲಿ ಬರದು ತೋರಿಸಿದೆ: ಪಡಸಾಲಿ, ದೇವರಮನಿ, ಅಡಗಿಮನಿ, ಬಾಣಂತಿ ಖೋಲಿ. ಅವನ ಮಾರಿ ಸಣ್ಣದಾತು. ಆಮ್ಯಾಲೆ, "ಅಪ್ಪ ಹುಟ್ಟಿದ್ದು ಯಾವುದ್ರಾಗ?" ಅಂದ. ತೋರಿಸಿದೆ. ಅಲ್ಲೇ ಕೂತ, ಏಳಲೇ ಇಲ್ಲ.

ಮಾವಶ್ಯಾರ, ಅಕ್ಕನವರ, ನಿಮಗ ನೆನಪಿದ್ದಷ್ಟು ನೀವೂ ಹಾಳಿ ಮ್ಯಾಲೆ ಬರದಿಡ್ರಿ. ಇದ್ದಷ್ಟ ಬರೀರಿ.