ಲಡ್ಲೋ ಹತ್ಯಾಕಾಂಡ ಮತ್ತು ರಾಕ್‌ಫೆಲರ್ ಪ್ರಚಾರ
ಅಮೆರಿಕದ ಕೊಲರಾಡೊ ರಾಜ್ಯದ ಲಡ್ಲೋದಲ್ಲಿ 1914ರ ಏಪ್ರಿಲ್ 20ರಂದು ಮುಷ್ಕರ ಹೂಡಿದ್ದ ಕಲ್ಲಿದ್ದಲು ಗಣಿ ಕಾರ್ಮಿಕರ ಡೇರೆಗಳ ಮೇಲೆ ರಾಜ್ಯದ ಪಡೆ ಗುಂಡು ಹಾರಿಸಿತು, ಡೇರೆಗಳು ಉರಿದುಹೋದವು. ಒಂದು ಡೇರೆಯ ಅಡಿ ತೋಡಿದ್ದ ಗುಂಡಿಯಲ್ಲಿ ಅಡಗಿದ್ದ 2 ಹೆಂಗಸರು, 11 ಮಕ್ಕಳು ಉಸಿರುಕಟ್ಟಿ ಸತ್ತರು. ಗಣಿ ಕಂಪನಿ ರಾಕ್‌ಫೆಲರ್ ಕುಟುಂಬದ ಹಿಡಿತದಲ್ಲಿತ್ತು. ಜನರ ಸಿಟ್ಟು ಇಳಿಸಲು ಕುಟುಂಬ ನೇಮಿಸಿಕೊಂಡದ್ದು ಮಾಜಿ ಪತ್ರಕರ್ತ ಐವಿ ಲೀಯನ್ನು. ಈತ ದೇಶವಿಡೀ ಹಂಚಿಸಿದ ಕರಪತ್ರಗಳು ಕಾರ್ಮಿಕ ನಾಯಕರ ಸಂಬಳವನ್ನು ಹಲವು ಪಟ್ಟು ಉಬ್ಬಿಸಿ ತೋರಿಸಿದ್ದವು. ಕಂಪನಿ ಕೊಟ್ಟ ಮಾಹಿತಿಯನ್ನು ತಾನು ಪರಿಶೀಲಿಸಿರಲಿಲ್ಲವೆಂದು ವಿಚಾರಣಾ ಆಯೋಗದ ಮುಂದೆ ಲೀ ಒಪ್ಪಿಕೊಂಡ. ಸತ್ತ ಮಕ್ಕಳ ತಾಯಂದಿರಿಗೆ ಈ ಪ್ರಚಾರಕ್ಕಿಂತ ಕ್ರೂರ ಅವಮಾನ ಇನ್ನೊಂದಿರಲಾರದು. 1915ರಲ್ಲಿ ಕಿರಿಯ ರಾಕ್‌ಫೆಲರ್ ಗಣಿ ಊರುಗಳಿಗೆ ಹೋಗಿ ಕಾರ್ಮಿಕರ ಹೆಂಡತಿಯರೊಂದಿಗೆ ಕುಣಿದದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಇದೇ ಕುಟುಂಬ 1913ರಲ್ಲಿ ಹುಟ್ಟುಹಾಕಿದ ರಾಕ್‌ಫೆಲರ್ ಪ್ರತಿಷ್ಠಾನ ಕೊಕ್ಕೆಹುಳು ರೋಗದ ವಿರುದ್ಧ ದುಡಿದದ್ದು ನಿಜ. ಆದರೆ ಕಂಪನಿಗೆ ಅನುಕೂಲವಾಗುವ ಕಾರ್ಮಿಕ ಯೋಜನೆ ರೂಪಿಸಿದ ಮ್ಯಾಕೆಂಜಿ ಕಿಂಗ್ ಎಂಬಾತನಿಗೆ ಕೆಲಸ ಕೊಟ್ಟದ್ದೂ ಇದೇ ಪ್ರತಿಷ್ಠಾನ.