ದಟ್ಟಣೆ ಗುರುತನ್ನು ಮರೆಮಾಡುತ್ತದೆಯೇ? ಹಿಂಜವಾಡಿ ರಸ್ತೆ ಮತ್ತು ವಾಹನ ಜಾಲಗಳ ದೃಢೀಕರಣ

ನಿಸ್ತಂತು ಜಾಲದಲ್ಲಿ ಮಾತಾಡಿಕೊಳ್ಳುವ ವಾಹನಗಳು ತಮ್ಮ ಸ್ಥಾನ, ವೇಗ, ದಿಕ್ಕನ್ನು ಸೆಕೆಂಡಿಗೆ ಸುಮಾರು 10 ಬಾರಿ ಸಾರುತ್ತವೆ. ಸುಳ್ಳು ಎಚ್ಚರಿಕೆ ಹರಡದಂತೆ ತಡೆಯಲು ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಬೇಕೆಂಬ ರಾಯಾ ಮತ್ತು ಹ್ಯೂಬೊ ಅವರ 2007ರ ನಿಲುವಿಗೆ ಇಂದು ಹೆಚ್ಚು ವಿರೋಧವಿಲ್ಲ. ಆದರೆ ಸಹಿಯ ಜೊತೆಗಿನ ಪ್ರಮಾಣಪತ್ರ ಸದಾ ಒಂದೇ ಆಗಿದ್ದರೆ ವಾಹನದ ಜಾಡು ಸಿಕ್ಕಿಬಿಡುತ್ತದೆ. ಆದ್ದರಿಂದಲೇ ಅಮೆರಿಕದ ವಿನ್ಯಾಸದಲ್ಲಿ ಪ್ರತಿ ವಾಹನಕ್ಕೆ ವಾರಕ್ಕೆ 20ರಂತೆ ಗುಪ್ತನಾಮದ ಪ್ರಮಾಣಪತ್ರಗಳಿವೆ.

ಗುಪ್ತನಾಮವನ್ನು ಎಲ್ಲಿ ಬದಲಿಸಬೇಕು ಎಂಬಲ್ಲಿ ವಿವಾದವಿದೆ. ಲೂ ಮತ್ತು ಸಂಗಡಿಗರು 2012ರಲ್ಲಿ ವಾಹನಗಳು ಗುಂಪುಗೂಡುವ ತಾಣಗಳನ್ನು, ಅಂದರೆ ಕೆಂಪು ದೀಪದ ಚೌಕ, ಮಾಲ್ ಬಳಿಯ ಪಾರ್ಕಿಂಗ್ ಜಾಗಗಳನ್ನು ಸೂಚಿಸಿದರು. ಎಲ್ಲರೂ ಒಟ್ಟಿಗೆ ಹೆಸರು ಬದಲಿಸಿದರೆ ಯಾರು ಯಾರೆಂದು ತಿಳಿಯದು ಎಂಬುದು ಅವರ ತರ್ಕ. ಪುಣೆಯ ಹಿಂಜವಾಡಿಯಲ್ಲಿ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕಿನಿಂದ ಸಂಜೆ ಶಿವಾಜಿ ಚೌಕ ದಾಟಿ ವಾಕಡ್ ಕಡೆಗೆ ತೆವಳುವ ಕಾರುಗಳ ಸಾಲು ಈ ತರ್ಕಕ್ಕೆ ಒರೆಗಲ್ಲು.

ಲೆಕ್ಕ ಹಾಕಿ ನೋಡಬಹುದು. ಗಂಟೆಗೆ 10 ಕಿ.ಮೀ. ವೇಗದ ಕಾರು ಎರಡು ಸಂದೇಶಗಳ ನಡುವೆ ಸಾಗುವುದು ಸುಮಾರು 28 ಸೆಂ.ಮೀ. ಮಾತ್ರ. ಕಾರಿನ ಉದ್ದವೇ ಸುಮಾರು 4 ಮೀಟರ್. ಹೊಸ ಹೆಸರಿನ ಸಂದೇಶ ಹಳೆಯದರ ಪಕ್ಕದಲ್ಲೇ ಹುಟ್ಟುವುದರಿಂದ ಇವೆರಡನ್ನೂ ಜೋಡಿಸುವುದು ಕಷ್ಟವಲ್ಲ. ದಟ್ಟಣೆಯಲ್ಲಿ ಜಾಲ ತುಂಬಿ ಸಂದೇಶಗಳು ಸೆಕೆಂಡಿಗೆ ಎರಡಕ್ಕೆ ಇಳಿದರೂ ಅಂತರ 1.4 ಮೀಟರ್ ಮೀರದು. ಹಾಗಾಗಿ ತೆವಳುವ ದಟ್ಟಣೆ ಗುರುತನ್ನು ಮರೆಮಾಡುವ ಬದಲು ಬಯಲು ಮಾಡುವ ಸಾಧ್ಯತೆಯೇ ಹೆಚ್ಚು.

ಈ ಮಾತಿಗೆ ಮಿತಿಗಳಿವೆ. ಕದ್ದಾಲಿಸುವವನ ಗ್ರಾಹಕಗಳು ರಸ್ತೆಯುದ್ದಕ್ಕೂ ಇರಬೇಕು. ಒಂದೇ ಚೌಕದಲ್ಲಿ ಕುಳಿತವನಿಗೆ ತನ್ನ ಗ್ರಾಹಕದ ವ್ಯಾಪ್ತಿಯಾಚೆಗಿನ ಜಾಡು ಸಿಗದು. ಜಿಪಿಎಸ್ ಕೆಲವು ಮೀಟರ್ ತಪ್ಪಬಹುದು. ಆದರೆ ಕ್ಷಣಾಂತರದ ಎರಡು ಅಳತೆಗಳ ತಪ್ಪು ಬಹುಪಾಲು ಒಂದೇ ಕಡೆಗೆ ವಾಲುವುದರಿಂದ ಜೋಡಣೆ ಪೂರ್ತಿ ಕೆಡದು. ಪಾರ್ಕಿಂಗ್ ವಿಷಯದಲ್ಲಿ ಲೂ ತಂಡದ ಸಲಹೆ ಗಟ್ಟಿಯಾಗಿ ನಿಲ್ಲುತ್ತದೆ: ಅಲ್ಲಿ ಎಂಜಿನ್ ಆರಿಸಿದ ಕಾರು ಸಂದೇಶ ಕಳಿಸುವುದನ್ನೇ ನಿಲ್ಲಿಸುತ್ತದೆ. ಆದರೂ ಗೋಲ್ ಮತ್ತು ಪಾರ್ಟ್ರಿಜ್ 2009ರಲ್ಲಿ ಅಮೆರಿಕದ ಜನಗಣತಿ ದತ್ತಾಂಶದಿಂದ ತೋರಿಸಿದಂತೆ, ಮನೆ ಮತ್ತು ಕಚೇರಿಯ ಜೋಡಿ ನಿಖರವಾಗಿ ತಿಳಿದರೆ ವ್ಯಕ್ತಿಯನ್ನು ಗುರುತಿಸಲು ಹಲವು ಬಾರಿ ಅಷ್ಟೇ ಸಾಕು. ದಿನವೂ ಅದೇ ಗೇಟಿನಿಂದ ಹೊರಡುವ ಐಟಿ ಉದ್ಯೋಗಿಗೆ ಇದು ನೇರವಾಗಿ ಅನ್ವಯಿಸುತ್ತದೆ.

ಬುಟ್ಟಾನ್ ಮತ್ತು ಸಂಗಡಿಗರ 2009ರ ಯೋಜನೆ ಹಿಂಜವಾಡಿಗೆ ಹೆಚ್ಚು ಒಪ್ಪುವಂತಿದೆ: ವೇಗ ಗಂಟೆಗೆ 30 ಕಿ.ಮೀ.ಗಿಂತ ಇಳಿದಾಗ ವಾಹನ ಸಂದೇಶ ಕಳಿಸದೆ ಸುಮ್ಮನಾಗಿ, ಹೆಸರು ಬದಲಿಸುತ್ತದೆ. ನಿಧಾನಗತಿಯಲ್ಲಿ ಮಾರಣಾಂತಿಕ ಅಪಘಾತ ವಿರಳ ಎಂಬುದು ಅದರ ಆಧಾರ. ಕಾರುಗಳ ಸಂದಿಯಲ್ಲಿ ಬೈಕುಗಳು ನುಸುಳುವ, ಪಾದಚಾರಿಗಳು ಎಲ್ಲೆಂದರಲ್ಲಿ ರಸ್ತೆ ದಾಟುವ ಕಡೆ ಆ ಆಧಾರ ಎಷ್ಟು ಗಟ್ಟಿ ಎಂಬುದನ್ನು ರಸ್ತೆಯಲ್ಲೇ ಅಳೆಯಬೇಕಿದೆ.